ನನ್ನ ಹಾಜರಿ ಹೇಳಿದವನು

ಕಳೆದ ಶನಿವಾರ ಮಗಳ ಈಜು ಕ್ಲಾಸಿಗೆಂದು ಲಾಸ್ ಏಂಜಲೀಸ್ ಪಕ್ಕದ ಪಸಡೀನಾಕ್ಕೆ ಹೋಗಿದ್ದೆ. ಹಿಂದಿನ ದಿನವೇ ಕೋಚ್ ಮೆಸೇಜ್ ಹಾಕಿದ್ದಳು. ಈ ಸಲ ಮಕ್ಕಳು ಹಳೇ ಪ್ಯಾಂಟು, ಅಂಗಿ ಹಾಕಿಕೊಂಡೇ ನೀರಿಗಿಳಿಯಬೇಕು, ಬಟ್ಟೆ ಸಮೇತ ಬಿದ್ದರೆ ಏನು ಮಾಡಬೇಕೆಂದು ಕಲಿಸುತ್ತೇನೆ ಅಂತ. ನಾನು ಓದಿ, ಒಂದು ಹಳೇ ಪ್ಯಾಂಟು ಹುಡುಕಿ ಬ್ಯಾಗಿಗೆ ತುರುಕಿ, ಅಲ್ಲಿಗೇ ಮರೆತುಬಿಟ್ಟಿದ್ದೆ. ಈಜುಕೊಳದ ಬಾಗಿಲು ತೆಗೆದದ್ದೇ ತಡ, ಕ್ಲೋರಿನ್ ವಾಸನೆಯ ಜೊತೆ ಹಿಂದಿನ ಬ್ಯಾಚಿನ ಮಕ್ಕಳ ಒದ್ದೆ ದಪ್ಪ ಬಟ್ಟೆಯ ವಾಸನೆ ಮೂಗಿಗೆ ಬಡಿಯಿತು. ಬರೀ ಕ್ಲೋರಿನ್ ನನ್ನನ್ನು ಏನೂ ಮಾಡುವುದಿಲ್ಲ. ಅದರ ಜೊತೆ ಒದ್ದೆ ಪ್ಯಾಂಟಿನ ವಾಸನೆ ಸೇರಿತೋ, ಮುಗಿಯಿತು, ಎದೆ ಧಸಕ್ಕೆನ್ನುತ್ತದೆ. ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತೆ. ಅಣ್ಣ ನೆನಪಾದ...

ಅಣ್ಣ ನನ್ನ ಒಡಹುಟ್ಟಿದವನಲ್ಲ. ಲಾಸ್ ಏಂಜಲೀಸಿನ ಒಂದು ಯೂನಿವರ್ಸಿಟಿಯಲ್ಲಿ ನಾನು ನೌಕಾ ಅಧಿಕಾರಿ ತರಬೇತಿಗೆ ಸೇರಿದಾಗ ಅವನು ಅಲ್ಲಿ ನನಗಿಂತ ಎರಡು ವರ್ಷ ಮುಂದಿದ್ದ. ಆ ತರಬೇತಿ ಅಂದರೆ ಹೀಗೆ: ಎಲ್ಲರಂತೆ ಡಿಗ್ರಿ ಓದುವುದು, ಅದರ ಜೊತೆಗೆ ಬೆಳಗ್ಗೆ ಬೇಗ ಎದ್ದು ಓಡುವುದು, ಕವಾಯತು, ಈಜು, ಹಡಗಿನ ಪಾಠ, ವಾರಕ್ಕೊಮ್ಮೆ ಇಡೀ ದಿನ ಯೂನಿಫಾರ್ಮು. ನಾಲ್ಕು ವರ್ಷ ಹಾಗೆ ತಡೆದುಕೊಂಡರೆ ಡಿಗ್ರಿಯ ಜೊತೆಗೇ ಪ್ರಮಾಣವಚನ ತೆಗೆದುಕೊಂಡು ನೌಕಾಪಡೆಯ ಅಧಿಕಾರಿ. ನಾನು ಗದಗಿನಿಂದ ಅಪ್ಪ ಅಮ್ಮನ ಜೊತೆ ಚಿಕ್ಕಂದಿನಲ್ಲೇ ವೆಸ್ಟ್ ಕೊವಿನಾಕ್ಕೆ ಬಂದವಳು. ಸಮುದ್ರವೆಂದರೆ ನನಗೆ ಕಾರಿನ ಕಿಟಕಿಯಲ್ಲಿ ಕಾಣುವ ನೀಲಿ ಬಣ್ಣ, ಅಷ್ಟೇ. ಇಂಥವಳು ನೌಕಾಪಡೆಗೆ ಸೇರುತ್ತೇನೆಂದಾಗ ನಮ್ಮಪ್ಪ ಊಟದ ತಟ್ಟೆ ಬಿಟ್ಟು ಎದ್ದಿದ್ದರು.

ಅವನು ಕನ್ನಡದವನು ಅಂತ ಗೊತ್ತಾದದ್ದೇ ಒಂದು ತಮಾಷೆ. ತರಬೇತಿಯಲ್ಲಿ ಎಲ್ಲರೂ ಪಾಸು ಮಾಡಲೇಬೇಕಾದ ಈಜು ಪರೀಕ್ಷೆಯೊಂದಿತ್ತು. ಅದರ ಅಭ್ಯಾಸಕ್ಕೆ ನಮ್ಮನ್ನು ಯೂನಿಫಾರ್ಮಿನಲ್ಲೇ ಎತ್ತರದ ಹಲಗೆಯಿಂದ ಕೊಳಕ್ಕೆ ಹಾರಿಸಿದರು. ನಾನು ಗುಂಡುಕಲ್ಲಿನ ಹಾಗೆ ತಳ ಮುಟ್ಟಿ ಮೇಲೆ ಬಂದು, "ಅಯ್ಯವ್ವಾ, ಸತ್ತೆ!" ಎಂದು ಕಿರುಚಿದೆ. ದಂಡೆಯ ಮೇಲಿಂದ ಹುಬ್ಬಳ್ಳಿ ಕನ್ನಡದಲ್ಲಿ ಗಟ್ಟಿ ದನಿಯೊಂದು ಬಂತು: "ಸಾಯೂದಿಲ್ಲ ತಂಗಿ, ಮದಲ ಪ್ಯಾಂಟ್ ಬಿಚ್ಚು!"

ನಾನು ನೀರು ಕುಡಿಯುವುದನ್ನೂ ಮರೆತು ಅವನನ್ನು ನೋಡಿದೆ. ಒಳಗೆ ಈಜುಡುಗೆ ಇತ್ತು ಅನ್ನಿ. ಆದರೂ ಪರಿಚಯವಿಲ್ಲದ ಗಂಡಸು ನನ್ನ ಜೊತೆ ಆಡಿದ ಮೊದಲ ಕನ್ನಡ ಮಾತು ಅದು! ಅವನು ನಗಲೂ ಇಲ್ಲ. ತಾನೂ ಧುಮುಕಿ ಪಕ್ಕಕ್ಕೆ ಬಂದು ಮಾಡಿ ತೋರಿಸಿದ. ನೀರಿನಲ್ಲೇ ಪ್ಯಾಂಟು ಬಿಚ್ಚಿ, ಎರಡೂ ಕಾಲಿನ ತುದಿಗಳನ್ನು ಸೇರಿಸಿ ಗಂಟು ಹಾಕಿ, ಸೊಂಟದ ಬಾಯಿಯನ್ನು ಅಗಲಿಸಿ ಹಿಡಿದು, ತಲೆಯ ಮೇಲಿಂದ ಬೀಸಿ ನೀರಿಗೆ ಬಡಿಯಬೇಕು. ಗಾಳಿ ತುಂಬಿಕೊಂಡು ಎರಡೂ ಕಾಲು ಪೂರಿಯ ಹಾಗೆ ಉಬ್ಬುತ್ತವೆ. ನಡುವೆ ಕುತ್ತಿಗೆ ತೂರಿಸಿ, ಪ್ಯಾಂಟಿನ ಬಾಯಿಯನ್ನು ನೀರೊಳಗೆ ಬಿಗಿ ಹಿಡಿದರೆ ಮುಳುಗೆಂದರೂ ಮುಳುಗುವುದಿಲ್ಲ. ನನಗೆ ಅದು ಬರಲು ಒಂದು ಚಳಿಗಾಲವೇ ಹಿಡಿಯಿತು. ಪ್ರತಿ ಸಲ ನಾನು ಕೆಮ್ಮುತ್ತಾ ದಂಡೆ ಹಿಡಿದಾಗ, "ಇನ್ನೊಮ್ಮಿ, ತಂಗಿ," ಎನ್ನುತ್ತಿದ್ದ. ಶಪಿಸುತ್ತಲೇ ಕಲಿತೆ.

ಅವನ ಕಥೆ ಬೇರೆಯೇ ಇತ್ತು. ಹುಬ್ಬಳ್ಳಿಯಲ್ಲಿ ಪಿಯುಸಿ ಮುಗಿಸಿ, ಒಂದು ವರ್ಷ ಇಂಜಿನಿಯರಿಂಗ್ ಓದಿದ ಮೇಲೆ ಮನೆಯವರೆಲ್ಲ ಚಾಟ್ಸ್‌ವರ್ತ್‌ಗೆ ಬಂದಿದ್ದರು. ಪೌರತ್ವ ಸಿಗುವವರೆಗೆ ಕಾದು ಕಾದು, ತಡವಾಗಿ ಈ ತರಬೇತಿಗೆ ಸೇರಿದ್ದ. ನಮ್ಮೆಲ್ಲರಿಗಿಂತ ದೊಡ್ಡವನು. ಅಧಿಕಾರಿಯಾಗಲು ವಯಸ್ಸಿನ ಮಿತಿಯಿದೆಯಲ್ಲ, ಅದರ ಅಂಚಿನಲ್ಲಿದ್ದ. ಈ ಸಲ ತಪ್ಪಿದರೆ ಮತ್ತೆ ಇಲ್ಲ ಅನ್ನುವುದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಅವನ ಅವ್ವ, ಅಂದರೆ ನಮ್ಮ ಆಂಟಿ, ಮಗನ ಪ್ರಮಾಣವಚನದ ದಿನದ ಬಿಳೀ ಯೂನಿಫಾರ್ಮನ್ನು ವರ್ಷ ಮೊದಲೇ ಇಸ್ತ್ರಿ ಮಾಡಿ, ಪ್ಲಾಸ್ಟಿಕ್ ಕವರು ಹಾಕಿ ಹಾಲ್‌ನಲ್ಲೇ ತೂಗುಹಾಕಿದ್ದರು. ರೊಟ್ಟಿ ತಿನ್ನಲು ಹೋದವರೆಲ್ಲ ಅದನ್ನು ನೋಡಲೇಬೇಕಿತ್ತು. "ಶೇಂಗಾಚಟ್ನಿ ಕೈಲೆ ಮುಟ್ಟಬ್ಯಾಡ್ರಿ ಮತ್ತ," ಎಂದು ಎಚ್ಚರಿಕೆ ಬೇರೆ.

ಅವನಲ್ಲಿ ಒಂದು ಹಳೇ ಚಟವಿತ್ತು. ನಮ್ಮ ಕಡೆ ಕಾಲೇಜು ಕಲಿತವರಿಗೆ ಹೇಳಬೇಕಾಗಿಲ್ಲ... ಪ್ರಾಕ್ಸಿ. ಗೆಳೆಯ ಕ್ಲಾಸಿಗೆ ಬಾರದಿದ್ದರೆ ಅವನ ಹೆಸರು ಕರೆದಾಗ ಇವನು "ಎಸ್ ಸರ್" ಅನ್ನುವುದು. ಹುಬ್ಬಳ್ಳಿಯ ಕಾಲೇಜಿನಲ್ಲಿ ಇವನು ಬೇರೆ ಬೇರೆ ದನಿ ತೆಗೆದು ಅರ್ಧ ಬೆಂಚಿನ ಹಾಜರಿ ಹೇಳುತ್ತಿದ್ದನಂತೆ. ಅದನ್ನು ಮಾಡಿ ತೋರಿಸಿ ನಮ್ಮನ್ನು ನಗಿಸುತ್ತಿದ್ದ. ಅಮೆರಿಕದ ಹುಡುಗರು ಪಿಳಿಪಿಳಿ ನೋಡುತ್ತಿದ್ದರು. ಯಾಕೆ ಹಾಗೆ ಮಾಡಬೇಕು, ಬರದಿದ್ದವನು ಬರಲಿಲ್ಲ ಅಷ್ಟೇ ತಾನೆ ಅಂತ ಅವರ ಪ್ರಶ್ನೆ. ನಮಗೆ ಅದು ಸ್ನೇಹ. ಹೇಳದಿದ್ದರೆ ದ್ರೋಹ.

ನಮ್ಮ ತರಬೇತಿಯಲ್ಲಿ ಪ್ರತಿ ತಂಡಕ್ಕೂ ಒಬ್ಬ ಲೀಡರ್. ಬೆಳಗಿನ ಸಾಲಿನಲ್ಲಿ ಒಬ್ಬೊಬ್ಬರ ಹೆಸರು ಕರೆಯುವುದಿಲ್ಲ. ಲೀಡರ್ ತನ್ನವರನ್ನು ಎಣಿಸಿ, ಸೆಲ್ಯೂಟ್ ಹೊಡೆದು, "ಎಲ್ಲರೂ ಇದ್ದಾರೆ ಸರ್," ಎಂದರೆ ಮುಗಿಯಿತು. ಅವನ ಮಾತನ್ನು ಯಾರೂ ಪರೀಕ್ಷಿಸುವುದಿಲ್ಲ. ಸಮುದ್ರದ ಮೇಲೆ ಇನ್ನೊಬ್ಬರ ಮಾತನ್ನು ನಂಬದೆ ಬದುಕಲಾಗುವುದಿಲ್ಲ, ಅದಕ್ಕೇ ಇಲ್ಲಿಂದಲೇ ಅಭ್ಯಾಸ ಅಂತ ಮೊದಲ ವಾರವೇ ಹೇಳಿಕೊಟ್ಟಿದ್ದರು. ನಮ್ಮ ತಂಡದ ಲೀಡರ್ ಅಣ್ಣನೇ ಆಗಿದ್ದ. ನನಗೋ ಬೆಳಗಿನ ಓಟವೆಂದರೆ ಹೊಟ್ಟೆ ತೊಳೆಸುತ್ತಿತ್ತು. ಬಾತ್‌ರೂಮಿನಲ್ಲಿ ವಾಂತಿ ಮಾಡಿ, ಮುಖ ತೊಳೆದು, ಸಾಲಿಗೆ ಕೊನೆಯ ಗಳಿಗೆಯಲ್ಲಿ ನುಸುಳುತ್ತಿದ್ದೆ. ನಮ್ಮನ್ನು ಓಡಿಸುತ್ತಿದ್ದ ಸಾರ್ಜೆಂಟ್ ಕಣ್ಣಿಗೆ ಬಿದ್ದರೆ ಇಡೀ ತಂಡಕ್ಕೆ ಶಿಕ್ಷೆ. ಅಣ್ಣ ನಾನು ಬರುವ ಮೊದಲೇ "ಎಲ್ಲರೂ ಇದ್ದಾರೆ" ಎಂದುಬಿಡುತ್ತಿದ್ದ. ನಾನು ಬಂದು ನಿಂತೂಬಿಡುತ್ತಿದ್ದೆ. ಹಾಗಾಗಿ ಅದು ಸುಳ್ಳು ಅಂತ ಯಾರಿಗೂ ಅನ್ನಿಸಲೇ ಇಲ್ಲ, ಅವನಿಗಂತೂ ಇಲ್ಲ.

ಅವನ ಕೊನೆಯ ವರ್ಷ, ಪ್ರಮಾಣವಚನಕ್ಕೆ ಇನ್ನು ಕೆಲವೇ ವಾರಗಳಿದ್ದಾಗ, ನಮ್ಮನ್ನೆಲ್ಲ ಸ್ಯಾನ್ ಡಿಯೇಗೋಗೆ ವಾರಾಂತ್ಯದ ಅಭ್ಯಾಸಕ್ಕೆ ಕರೆದೊಯ್ದರು. ಬೆಳಗ್ಗೆ ಕೊಲ್ಲಿಯಲ್ಲಿ ಈಜು. ಒಂದು ತೇಲುಗುರುತನ್ನು ಸುತ್ತಿ ದಡಕ್ಕೆ ವಾಪಸು ಬರಬೇಕು, ಅದೂ ಯೂನಿಫಾರ್ಮಿನಲ್ಲಿ. ಇಬ್ಬಿಬ್ಬರ ಜೋಡಿ. ಅಲ್ಲಿ ಬೇಸಿಗೆ ಬರುವ ಮುಂಚೆ ಸಮುದ್ರದ ಮೇಲೆ ದಟ್ಟ ಮಂಜು ಕೂರುತ್ತದೆ. ನಾವು ಇಳಿದಾಗ ತೇಲುಗುರುತು ಕಾಣುತ್ತಿತ್ತು, ಅರ್ಧ ದಾರಿಗೆ ಹೋಗುವಷ್ಟರಲ್ಲಿ ಏನೂ ಕಾಣಲಿಲ್ಲ. ನನ್ನ ಜೋಡಿಯ ಹುಡುಗಿಗೆ ಕಾಲು ಸೆಟೆದುಕೊಂಡಿತು. ಕಾವಲಿಗಿದ್ದ ದೋಣಿಯವರು ಅವಳನ್ನು ಎತ್ತಿಕೊಂಡರು. ಮುಂದಿನ ಜೋಡಿಯನ್ನು ಸೇರಿಕೋ ಎಂದು ನನಗೆ ಕೈ ತೋರಿಸಿ ಹೋದರು. ನಾನು ಆ ದಿಕ್ಕಿಗೇ ಈಜಿದೆ. ಮುಂದೆ ಯಾರೂ ಇರಲಿಲ್ಲ.

ನೀರು ಇಳಿತದಲ್ಲಿತ್ತು. ಅದು ನನ್ನನ್ನು ಎಳೆಯುತ್ತಿದೆ ಅನ್ನುವುದು ಗೊತ್ತಾದದ್ದು ನಮ್ಮವರ ದನಿ ಬೆನ್ನ ಹಿಂದೆ, ದೂರದಲ್ಲಿ ಕೇಳಿಸಿದಾಗ. ಕೂಗಿದೆ. ಗಂಟಲು ಹರಿಯುವ ಹಾಗೆ ಕೂಗಿದೆ. ಮಂಜು ಕೂಗನ್ನೂ ನುಂಗಿತು. ತೋಳು ಬಿದ್ದುಹೋದವು, ಹಲ್ಲು ಕಟಕಟ ಎನ್ನುತ್ತಿತ್ತು. ಸತ್ತೇ ಹೋಗುತ್ತೇನೆ ಎಂದು ಖಾತ್ರಿಯಾದ ಗಳಿಗೆಯಲ್ಲಿ, ದೇವರಾಣೆ, ನನಗೆ ದೇವರು ನೆನಪಾಗಲಿಲ್ಲ. ಮದಲ ಪ್ಯಾಂಟ್ ಬಿಚ್ಚು ಅನ್ನುವುದು ನೆನಪಾಯಿತು.

ಬಿಚ್ಚಿದೆ. ಬೆರಳು ಮರಗಟ್ಟಿ ಗಂಟು ಬೀಳಲೊಲ್ಲದು. ಹಲ್ಲಿನಿಂದ ಎಳೆದು ಬಿಗಿದೆ. ಒಂದು ಸಲ ಬೀಸಿದೆ, ಗಾಳಿ ತುಂಬಲಿಲ್ಲ. ಇನ್ನೊಮ್ಮಿ, ತಂಗಿ. ಮತ್ತೆ ಬೀಸಿದೆ. ಉಬ್ಬಿತು. ಕುತ್ತಿಗೆ ತೂರಿಸಿ ಮಲಗಿಬಿಟ್ಟೆ. ಎಷ್ಟು ಹೊತ್ತು ಹಾಗಿದ್ದೆನೋ ತಿಳಿಯದು. ಅವರು ತಲೆ ಎಣಿಸುತ್ತಾರೆ, ಒಂದು ಕಡಿಮೆ ಅಂತ ಗೊತ್ತಾಗುತ್ತದೆ, ದೋಣಿ ಬರುತ್ತದೆ. ಇದನ್ನೇ ಜಪದ ಹಾಗೆ ಹೇಳಿಕೊಳ್ಳುತ್ತಿದ್ದೆ. ಗಾಳಿ ಸೋರಿದಾಗೆಲ್ಲ ಮತ್ತೆ ತುಂಬಿಕೊಂಡೆ.

ದೋಣಿ ಬಂತು, ಆದರೆ ನಮ್ಮದಲ್ಲ. ವಯಸ್ಸಾದ ಗಂಡ ಹೆಂಡತಿ, ಒಂದು ನಾಯಿ, ಹಾಯಿದೋಣಿಯಲ್ಲಿ ವಿಹಾರಕ್ಕೆ ಹೊರಟಿದ್ದರು. ನಾಯಿ ನನ್ನನ್ನು ಕಂಡು ಬೊಗಳಿತು. ಆ ಅಜ್ಜಿ ನನ್ನನ್ನು ಎಳೆದುಕೊಂಡು, ಮೀನಿನ ಚಿತ್ರದ ಹಳದಿ ಟವೆಲ್ ಸುತ್ತಿ, ಬಿಸಿ ಚಹಾ ಕುಡಿಸಿ, ನಮ್ಮ ಶಿಬಿರದ ಹತ್ತಿರದ ಜೆಟ್ಟಿಗೆ ತಂದು ಇಳಿಸಿದರು.

ಮರಳ ಮೇಲೆ ನಡೆದು ಹೋದೆ. ಸೈರನ್, ಹೆಲಿಕಾಪ್ಟರ್, ಓಡಾಟ, ಅಳು ಎಲ್ಲ ಇರುತ್ತದೆ ಅಂದುಕೊಂಡಿದ್ದೆ. ತಿರುವು ದಾಟಿ ನೋಡುತ್ತೇನೆ, ನಮ್ಮವರು ಸಾಲಾಗಿ ಕೂತು ಬ್ರೇಕ್‌ಫಾಸ್ಟ್ ತಿನ್ನುತ್ತಿದ್ದಾರೆ! ಮೊಟ್ಟೆ ತುಂಬಿ ಸುತ್ತಿದ ಬರಿಟೋ ರೊಟ್ಟಿಯ ಕಾಗದ ಬಿಚ್ಚುತ್ತಾ, ನಗುತ್ತಾ. ಯಾರೂ ನನ್ನನ್ನು ಹುಡುಕುತ್ತಿರಲಿಲ್ಲ. ನಾನು ಇಲ್ಲವೆಂದು ಈ ಭೂಮಿಯ ಮೇಲೆ ಯಾರಿಗೂ ಗೊತ್ತೇ ಇರಲಿಲ್ಲ. ಇವತ್ತಿಗೂ ಕನಸಿನಲ್ಲಿ ಬರುವುದು ನೀರಲ್ಲ, ಆ ಬ್ರೇಕ್‌ಫಾಸ್ಟ್.

ಮೊದಲು ನೋಡಿದವನು ಯಾರೋ ನಕ್ಕ. ಮೀನಿನ ಟವೆಲ್ ಸುತ್ತಿಕೊಂಡು, ಕುತ್ತಿಗೆಗೆ ಪ್ಯಾಂಟು ಹಾಕಿಕೊಂಡವಳನ್ನು ನೋಡಿದರೆ ಯಾರಾದರೂ ನಗುತ್ತಾರೆ. ಅಣ್ಣ ತಿರುಗಿ ನೋಡಿದ. ಕೈಯಲ್ಲಿದ್ದ ಬರಿಟೋ ಮರಳಿಗೆ ಬಿತ್ತು. ಓಡಿಬಂದ. ಪಿಸುದನಿಯಲ್ಲಿ, "ನೀ... ಬಾತ್‌ರೂಮಿಗೆ ಹೋಗಿದ್ದಿಲ್ಲೇನ?" ಎಂದ.

ಆ ಒಂದು ಮಾತಿಗೆ ನನಗೆ ಎಲ್ಲವೂ ಅರ್ಥವಾಯಿತು. ತಲೆ ಎಣಿಸಿದ್ದ. ಒಂದು ಕಡಿಮೆ ಬಂದಿತ್ತು. ತಂಗಿ ಉಪ್ಪುನೀರು ಕುಡಿದು ವಾಂತಿ ಮಾಡಲು ಹೋಗಿರುತ್ತಾಳೆ, ಇನ್ನೇನು ಬರುತ್ತಾಳೆ ಅಂದುಕೊಂಡು, ಎಂದಿನಂತೆ ನನ್ನ ಹಾಜರಿ ಹೇಳಿಬಿಟ್ಟಿದ್ದ. ಸಿಟ್ಟು ಎಲ್ಲಿಂದ ಬಂತೋ, ಅದೇ ಒದ್ದೆ ಪ್ಯಾಂಟಿನಿಂದ ಅವನ ಮುಖಕ್ಕೆ ಬಾರಿಸಿದೆ. ಎಲ್ಲರೆದುರಿಗೇ. ಅವನು ಕೈ ಅಡ್ಡ ಹಿಡಿಯಲಿಲ್ಲ.

ನಮ್ಮ ತರಬೇತಿಯ ಅಧಿಕಾರಿ, ಲೆಫ್ಟಿನೆಂಟ್, ಓಡಿಬಂದರು. ವಿಷಯ ತಿಳಿದು ಅವರ ಮುಖ ಬಿಳಿಚಿಕೊಂಡಿತು. ಅವರು ಒಳ್ಳೆಯವರು. ಅಣ್ಣನಿಗೆ ಬಾಗಿಲೊಂದನ್ನು ತೆರೆದೇ ಕೊಟ್ಟರು. ಮಂಜಿತ್ತು, ಎಲ್ಲರೂ ಸುಸ್ತಾಗಿದ್ದರು, ಎಣಿಸುವಾಗ ತಪ್ಪಿರಬೇಕು ಅಲ್ಲವೇ ಎಂದು ಕೇಳಿದರು. ಹೌದು ಅಂದಿದ್ದರೆ ಬೈಗುಳ, ಒಂದಿಷ್ಟು ಶಿಕ್ಷೆ, ಅಷ್ಟರಲ್ಲಿ ಮುಗಿಯುತ್ತಿತ್ತು. ತಪ್ಪೆಣಿಕೆ ಅಪರಾಧವಲ್ಲ, ಸುಳ್ಳು ವರದಿ ಅಪರಾಧ. ಅಣ್ಣ ನೆಟ್ಟಗೆ ನಿಂತು ಇಂಗ್ಲಿಷಿನಲ್ಲಿ ಹೇಳಿದ: "ಎಣಿಕೆ ಸರಿಯಾಗಿತ್ತು ಸರ್. ಒಬ್ಬರು ಕಡಿಮೆ ಅಂತ ಗೊತ್ತಿತ್ತು. ಗೊತ್ತಿದ್ದೂ ಎಲ್ಲರೂ ಇದ್ದಾರೆ ಅಂದೆ."

ನಾನು ದಂಗಾದೆ. ಬಾರಿಸಿದ ಪ್ಯಾಂಟು ಇನ್ನೂ ನನ್ನ ಕೈಯಲ್ಲೇ ಇತ್ತು.

ಲಾಸ್ ಏಂಜಲೀಸಿನಲ್ಲಿ ವಿಚಾರಣೆ ನಡೆಯಿತು. ನನ್ನನ್ನೂ ಕರೆದಿದ್ದರು. ಹೊರಗಿನ ಕಾರಿಡಾರಿನಲ್ಲಿ ಅವನ ಪಕ್ಕ ಕೂತು ನನ್ನ ಉಪಾಯ ಹೇಳಿದೆ. "ಬಾತ್‌ರೂಮಿಗೆ ಹೊಂಟೀನಿ ಅಂತ ನಾನ ನಿನಗ ಹೇಳಿದ್ದೆ ಅಂತೀನಿ. ಆಮ್ಯಾಲೆ ಮತ್ತ ನೀರಿಗಿಳದೆ ಅಂತೀನಿ. ಯಾರಿಗೂ ತಿಳಿಯೂದಿಲ್ಲ ಅಣ್ಣಾ."

ಅವನು ನಕ್ಕ. ಆ ನಗು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. "ಈಗ ನನ್ನ ಪ್ರಾಕ್ಸಿ ನೀ ಹೇಳಾಕಿ ಏನ?"

"ಹೂಂ. ಹೇಳಾಕಿನ."

"ಬ್ಯಾಡ ತಂಗಿ. ನೀ ಅಲ್ಲಿ ನೀರಾಗಿದ್ದಿ, ನಾ ಇಲ್ಲಿ ತತ್ತಿ ತಿನ್ನಾಕತ್ತಿದ್ದೆ. ಇನ್ನ ಸುಳ್ಳು ಸಾಕವಾ."

ಅವನನ್ನು ತರಬೇತಿಯಿಂದ ತೆಗೆದುಹಾಕಿದರು. ವಯಸ್ಸು ಮೀರಿದ್ದರಿಂದ ಅಧಿಕಾರಿಯಾಗುವ ದಾರಿ ಪೂರ್ತಿ ಮುಚ್ಚಿತು. ಆಂಟಿ ನನ್ನ ಮೇಲೆ ಸಿಟ್ಟಾಗುತ್ತಾರೆಂದು ಹೆದರಿ ಹೋದರೆ, ನನ್ನನ್ನು ಅಪ್ಪಿಕೊಂಡು, "ನೀ ಉಳದ್ಯಲ್ಲಾ, ಸಾಕ," ಎಂದರು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ಗೆಳತಿ ಸಲುವಾಗಿ ಒಂದ್ ಹೂಂ ಅಂದ. ಅದೇನ್ ಕೊಲಿನ?" ಎಂದರು. ಕೊಲೆಯಾಗುವುದಿತ್ತು, ಆಗಲಿಲ್ಲ. ಬಿಳೀ ಯೂನಿಫಾರ್ಮು ಹಾಲ್‌ನಲ್ಲಿ ಹಾಗೇ ತೂಗುತ್ತಿತ್ತು, ತೆಗೆಯಲು ಯಾರಿಗೂ ಧೈರ್ಯವಾಗಲಿಲ್ಲ.

ಅಣ್ಣ ಸುಮ್ಮನಿರಲಿಲ್ಲ. ಅದೇ ನೌಕಾಪಡೆಗೆ ಸಾದಾ ನಾವಿಕನಾಗಿ ಸೇರಿಕೊಂಡ, ತಳದ ಮೆಟ್ಟಿಲಿನಿಂದ. ನಾನು ಅಧಿಕಾರಿಯಾಗಿ ಸ್ಯಾನ್ ಡಿಯೇಗೋಗೆ ಬಂದಾಗ ನೆಲೆಯ ಗೇಟಿನ ಹತ್ತಿರ ಎದುರಾದ. ನನ್ನ ಹೆಗಲ ಮೇಲಿನ ಪಟ್ಟಿ ನೋಡಿ ಅಟೆನ್ಶನ್ನಿಗೆ ನಿಂತು ಸೆಲ್ಯೂಟ್ ಹೊಡೆದ. ನನಗೆ ನಾಚಿಕೆಯಿಂದ ಪ್ರಾಣ ಹೋದ ಹಾಗಾಯಿತು. ಸೆಲ್ಯೂಟ್ ವಾಪಸು ಮಾಡಲೇಬೇಕು, ಅದು ನಿಯಮ. ಮಾಡಿದೆ. ತುಟಿ ಅಲ್ಲಾಡಿಸದೆ, "ಏನ್ ಮೇಡಮ್ಮಾರೇ, ಹೊಟ್ಟಿ ಈಗ ತೊಳಸೂದಿಲ್ಲೇನ್ರಿ?" ಎಂದ. ಇಬ್ಬರೂ ಅಲ್ಲೇ ನಕ್ಕೆವು.

ಅಲ್ಲಿನ ಕೊಳದಲ್ಲಿ ನಾವಿಕರಿಗೆ ಈಜು ಕಲಿಸುವ ಕೆಲಸ ಅವನದು. ಪ್ಯಾಂಟು ಊದಿಸುವುದನ್ನು ಅವನ ಹಾಗೆ ಕಲಿಸುವವರು ಇನ್ನೊಬ್ಬರಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಒಂದು ದಿನ ಗಾಜಿನಾಚೆಯಿಂದ ನೋಡಿದೆ. ಪಾಠ ಮುಗಿದ ಮೇಲೆ ಒಬ್ಬೊಬ್ಬರ ಹೆಗಲನ್ನೂ ಕೈಯಿಂದ ಮುಟ್ಟಿ ಎಣಿಸುತ್ತಿದ್ದ. ಬರೀ ಕಣ್ಣಿನಿಂದ ಎಣಿಸುವುದನ್ನು ಬಿಟ್ಟೇಬಿಟ್ಟಿದ್ದ.

ಎರಡು ಸಾವಿರದ ಹತ್ತೊಂಬತ್ತರಲ್ಲಿ ಒಂದು ಬೆಳಗ್ಗೆ ಮೋಟರ್‌ಸೈಕಲ್ಲಿನಲ್ಲಿ ಡ್ಯೂಟಿಗೆ ಹೋಗುತ್ತಿದ್ದವನಿಗೆ ಫ್ರೀವೇ ಮೇಲೆ ಲಾರಿ ಬಡಿಯಿತು. ಫೋನು ಬಂದಾಗ ನಾನು ನಂಬಲಿಲ್ಲ, ಫೋನು ಮಾಡಿದವನಿಗೇ ಬೈದೆ. ಆಂಟಿ ವರ್ಷಗಟ್ಟಲೆ ನೀರಿಗೆ ಹೆದರಿ, ನೀರಿಗೆ ಹರಕೆ ಹೊತ್ತವರು. ರಸ್ತೆಗೆ ಹೊತ್ತಿರಲಿಲ್ಲ.

ನೆಲೆಯ ಪ್ರಾರ್ಥನಾ ಮಂದಿರದಲ್ಲಿ ಅವನ ಸ್ಮರಣೆಯ ಸಭೆ ಇಟ್ಟಿದ್ದರು. ಮುಂದಿನ ಸಾಲಿನಲ್ಲಿ ಅವನ ಅಪ್ಪ ಅಂದರೆ ನಮ್ಮ ಅಂಕಲ್, ಆಂಟಿ, ಆಂಟಿಯ ಪಕ್ಕ ನಾನು. ಕೊನೆಯಲ್ಲಿ ಒಂದು ಪದ್ಧತಿಯಿದೆ. ಅವನ ಜೊತೆ ಕೆಲಸ ಮಾಡಿದವರ ಹಾಜರಿ ಕರೆಯುತ್ತಾರೆ. ಒಬ್ಬೊಬ್ಬರೇ ಎದ್ದು "ಹಿಯರ್" ಎನ್ನುತ್ತಾರೆ. ಕೊನೆಗೆ ಸತ್ತವರ ಹೆಸರು ಕರೆಯುತ್ತಾರೆ. ಮೂರು ಸಲ. ಯಾರೂ ಉತ್ತರ ಕೊಡುವುದಿಲ್ಲ. ಇದನ್ನು ಅಲ್ಲಿನ ಪಾದ್ರಿ ಮೊದಲೇ ಇಂಗ್ಲಿಷಿನಲ್ಲಿ ವಿವರಿಸಿದ್ದರು, ಅಂಕಲ್ ತಲೆಯಾಡಿಸಿದ್ದರು. ಆ ವಾರವಿಡೀ ಆಂಟಿಯ ಕಿವಿಗೆ ಯಾವ ಮಾತೂ ಬಿದ್ದಿರಲಿಲ್ಲ.

ಹಿರಿಯ ನಾವಿಕರೊಬ್ಬರು ಕರೆಯತೊಡಗಿದರು. ಹಿಯರ್. ಹಿಯರ್. ಹಿಯರ್. ಆಮೇಲೆ ಅಣ್ಣನ ಹೆಸರು. ನಮ್ಮ ಕಡೆಯ ಆ ಹೆಸರನ್ನು ಅವರು ಸರಿಯಾಗಿ ಉಚ್ಚರಿಸಿದರು, ಕಲಿತುಕೊಂಡು ಬಂದಿದ್ದರೋ ಏನೋ. ಮಂದಿರ ಸ್ತಬ್ಧವಾಯಿತು.

ಆಂಟಿ ತಲೆಯೆತ್ತಿದರು. ಸುತ್ತ ನೋಡಿದರು. ಎರಡನೆಯ ಸಲ ಕರೆದರು. ಅವನ ಹುದ್ದೆ ಸೇರಿಸಿ, ಇನ್ನಷ್ಟು ಗಟ್ಟಿಯಾಗಿ. ಆಂಟಿ ನನ್ನ ಮೊಣಕೈ ಹಿಡಿದರು.

"ಯಾಕ ಯಾರೂ ಅನವಲ್ರು? ನೀನರ ಅನ್ನ," ಎಂದರು. ಪಿಸುಮಾತಲ್ಲ, ಎಲ್ಲರಿಗೂ ಕೇಳುವ ಹಾಗೆ. "ನಿಂದು ಅವ ಹೇಳಿದ್ದನಲ್ಲ. ಅವಂದು ನೀ ಹೇಳೂದಿಲ್ಲೇನ?"

ಬಾಯಿ ತೆರೆದೆ. ನಾಲಿಗೆಯ ತುದಿಗೆ ಬಂದಿತ್ತು, ಇಷ್ಟೇ ಇಷ್ಟು ಉಸಿರು ಬಿಟ್ಟಿದ್ದರೆ ಹೊರಗೆ ಬಿದ್ದುಹೋಗುತ್ತಿತ್ತು. ಸುಳ್ಳು ಸಾಕವಾ ಎಂದಿದ್ದನಲ್ಲ... ನಾನು ಹೇಳಲಿಲ್ಲ. ಮೂರನೆಯ ಸಲ ಪೂರ್ತಿ ಹೆಸರು ಕರೆದರು, ಅಪ್ಪನ ಹೆಸರು, ಮನೆತನದ ಹೆಸರು ಎಲ್ಲ ಸೇರಿಸಿ. ಆಂಟಿ ನನ್ನ ಮುಖವನ್ನೇ ನೋಡುತ್ತಿದ್ದರು. ಹೊರಗೆ ತುತ್ತೂರಿ ಊದತೊಡಗಿದರು. ಆಗ ಆಂಟಿ ನನ್ನ ಮೊಣಕೈ ಬಿಟ್ಟರು.

ಇದೆಲ್ಲ ಆಗಿ ವರ್ಷಗಳಾದವು. ನಾನು ನೌಕಾಪಡೆ ಬಿಟ್ಟಿದ್ದೇನೆ. ಆಂಟಿ ಮಾತಾಡುತ್ತಾರೆ, ಚಟ್ನಿಪುಡಿ ಕಳಿಸುತ್ತಾರೆ, ಆ ದಿನದ ಮಾತು ಇಬ್ಬರೂ ಎತ್ತುವುದಿಲ್ಲ.

ಬೆಂಚಿನ ಮೇಲೆ ಕೂತಿದ್ದೆ ಅಂದೆನಲ್ಲ. ಕ್ಲಾಸು ಮುಗಿಯುತ್ತಾ ಬಂದಿತ್ತು. ನೀರಿನ ತುಂಬ ಊದಿದ ಪುಟ್ಟ ಪುಟ್ಟ ಪ್ಯಾಂಟುಗಳು, ನಡುವೆ ಮಕ್ಕಳ ನಗುವ ತಲೆಗಳು. ಕೋಚ್ ದಂಡೆಯ ಮೇಲೆ ನಿಂತು ಒಬ್ಬೊಬ್ಬರ ಹೆಸರು ಕರೆಯತೊಡಗಿದಳು. ಹಿಯರ್. ಹಿಯರ್. ನನ್ನ ಮಗಳ ಹೆಸರು ಬಂತು. ಉತ್ತರವಿಲ್ಲ. ಕೋಚ್ ಎರಡನೆಯ ಸಲ ಕರೆದಳು. ನಾನು ಯಾವಾಗ ಎದ್ದೆನೋ ಗೊತ್ತಿಲ್ಲ, ಬೂಟಿನ ಸಮೇತ ಕೊಳದ ಅಂಚಿಗೆ ಬಂದು ನಿಂತಿದ್ದೆ.

ಉಬ್ಬಿದ ಪ್ಯಾಂಟೊಂದರ ಹಿಂದಿನಿಂದ ಒದ್ದೆ ತಲೆ ಇಣುಕಿತು. "ಹಿಯರ್!" ಎಂದಳು. ನನ್ನನ್ನು ನೋಡಿ, "ಐ ಆಮ್ ಹಿಯರ್, ಅಮ್ಮಾ. ವಾಟ್ ಹ್ಯಾಪೆಂಡ್?" ಎಂದು ಕೇಳಿದಳು.

ಏನಿಲ್ಲ ಪುಟ್ಟಾ ಎಂದೆ. ಮೂರನೆಯ ಸಲ ಕರೆಯಬೇಕಾಗಲಿಲ್ಲ. ಅಷ್ಟು ಜನರೆದುರು ಅಲ್ಲೇ ಒದ್ದೆ ನೆಲದ ಮೇಲೆ ಕೂತು, ಅಣ್ಣನಿಗಾಗಿ ಜೋರಾಗಿ ಅತ್ತುಬಿಟ್ಟೆ.